ಮೂಲೆಯಲ್ಲಿ ನಿಂತು ಪಡೆದ ಸೋಮವಾರ

ಹೋದ ವಾರ ಬಿಸಿಬೇಳೆಬಾತಿನ ಪುಡಿಗೆಂದು ಚಕ್ಕೆ ಹುರಿಯುತ್ತಿದ್ದೆ. ಪಕ್ಕದ ಒಲೆಯ ಮೇಲೆ ಬೇರೆ ಯಾವುದೋ ಆರ್ಡರಿಗೆ ರಾಜ್ಮಾ ಕಾಳು ಬೇಯುತ್ತಿತ್ತು. ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿದ್ದ ಸಟ್ಟುಗ ಅಲ್ಲೇ ನಿಂತುಬಿಟ್ಟಿತು. ಈ ಎರಡು ವಾಸನೆ ಒಟ್ಟಿಗೆ ಬರುವ ಮನೆಯನ್ನು ನಾನು ಜೀವನದಲ್ಲಿ ಕಂಡದ್ದು ಒಂದೇ. ಡಚ್ಚರ ದೇಶದ ಬಾಡ್‌ಹೂವೆಡಾರ್ಪ್ ಎಂಬ ಊರಿನಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಅಮೆರಿಕದ ಅಜ್ಜಿಯ ಮನೆ.

ಚಳಿಗಾಲ ಬಂತೆಂದರೆ ಅಜ್ಜಿ ಕೆಂಪು ಕಾಳಿನ ಖಾರದ ಗೊಜ್ಜು ಮಾಡುತ್ತಿದ್ದರು. ಅದರ ಜೊತೆಗೆ ನೆಂಚಿಕೊಳ್ಳಲು ಚಕ್ಕೆಪುಡಿ, ಸಕ್ಕರೆ ಹಾಕಿ ಸುತ್ತಿದ ಸಿಹಿ ಬನ್ನು! ಮೊದಲ ಸಲ ತಟ್ಟೆಯನ್ನು ಮುಂದಿಟ್ಟಾಗ ನಾನು ನಕ್ಕುಬಿಟ್ಟೆ.

"ಅಜ್ಜಿ, ಇದು ಹೋಳಿಗೇನ ಹುಳಿಗೆ ಅದ್ದಿ ತಿಂದ ಹಾಗಾಯ್ತು."

"ನಮ್ಮ ರಾಜ್ಯದಲ್ಲಿ ಸ್ಕೂಲಿನ ಮಕ್ಕಳಿಗೆಲ್ಲ ಇದೇ ಊಟ. ಮಾತು ಕಮ್ಮಿ ಮಾಡು, ತಿನ್ನು ಬೂರ್‌ಮನ್."

ಬೂರ್‌ಮನ್ ಅಂದರೆ ಡಚ್ಚಿನಲ್ಲಿ ನೆರೆಮನೆಯವನು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನೂ ಅಷ್ಟೆ, ಅಜ್ಜಿ ಅಂದರೆ ಅಜ್ಜಿ. ಅಜ್ಜಿ ಎಂಬ ಪದದ ಅರ್ಥ ಕೇಳಿ ತಿಳಿದುಕೊಂಡು, ಮಾರನೆಯ ದಿನ ಅವರು ಒಪ್ಪಿಕೊಂಡಿದ್ದರು. ಅವರ ಮಾತು ಇಂಗ್ಲಿಷು, ಡಚ್ಚು ಎರಡನ್ನೂ ಕಲಸಿದ್ದು. ನನ್ನ ಇಂಗ್ಲಿಷು ಹೋಟೆಲಿನ ಇಂಗ್ಲಿಷು. ಆದರೂ ನಮ್ಮಿಬ್ಬರ ನಡುವೆ ಅರ್ಥವಾಗದ ಮಾತು ಯಾವುದೂ ಇರಲಿಲ್ಲ. ಇಲ್ಲಿ ಅವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅರಸೀಕೆರೆಯ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಲೋಟ ತೊಳೆದು, ಹಿಟ್ಟು ರುಬ್ಬಿ, ದೋಸೆ ಕಲ್ಲಿನ ಮುಂದೆ ನಿಂತು, ಅಲ್ಲಿಂದ ಮಸ್ಕತ್ತಿಗೆ, ಮಸ್ಕತ್ತಿನಿಂದ ಇಲ್ಲಿಗೆ ಬಂದೆ. ಆಮ್ಸ್ಟೆಲ್‌ವೀನಿನ ರೆಸ್ಟೋರೆಂಟಿನಲ್ಲಿ ಕೆಲವು ವರ್ಷ ದುಡಿದು, ಕೊನೆಗೆ ನನ್ನದೇ ಅಡುಗೆಮನೆ ಮಾಡಿಕೊಂಡೆ. ಆ ಊರಿನ ಕನ್ನಡದವರ ಮನೆಗಳಲ್ಲಿ ನನ್ನ ಊಟದ ಡಬ್ಬಿ ಹೋಗದ ಮನೆಯೇ ಕಡಿಮೆ.

ಅಜ್ಜಿಯದು ಅಯೋವಾ ಎಂಬ ರಾಜ್ಯ. ಸ್ಕಿಪೋಲ್ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದ ಡಚ್ ಯಜಮಾನರನ್ನು ಮದುವೆಯಾಗಿ ಬಂದವರು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಯಜಮಾನರು ತೀರಿಕೊಂಡಿದ್ದರು. ಒಬ್ಬ ಮಗ ಉಟ್ರೆಕ್ಟಿನಲ್ಲಿದ್ದ. ಅಜ್ಜಿಗೆ ಇದ್ದ ಹುಚ್ಚು ಒಂದೇ: ಅವರ ದೇಶದ ಅಧ್ಯಕ್ಷರ ಚುನಾವಣೆ. ಅದರಲ್ಲೂ ಯಾರು ಗೆದ್ದರು ಎನ್ನುವುದಕ್ಕಿಂತ ಯಾರು ಮೊದಲೇ ಹೊರಬಿದ್ದರು ಎನ್ನುವುದು.

ಅಲ್ಲಿ ಒಂದೊಂದು ಪಕ್ಷವೂ ತನ್ನ ಅಭ್ಯರ್ಥಿಯನ್ನು ಮೊದಲು ಆರಿಸಿಕೊಳ್ಳಬೇಕು. ಎಲ್ಲ ರಾಜ್ಯದವರೂ ಒಂದೇ ದಿನ ಹೇಳುವುದಿಲ್ಲ, ಒಂದು ರಾಜ್ಯವಾದ ಮೇಲೆ ಇನ್ನೊಂದು. ಅಜ್ಜಿಯ ರಾಜ್ಯದ್ದೇ ಮೊದಲ ಸರದಿ. ಅವರ ಪಕ್ಷದಲ್ಲಿ ಚೀಟಿ ಹಾಕುವುದೂ ಇರಲಿಲ್ಲವಂತೆ. ಕೊರೆಯುವ ಚಳಿಯಲ್ಲಿ ಊರಿನ ಶಾಲೆಯ ಹಾಲಿನಲ್ಲಿ ಸೇರಿ, ಇವನಿಗೆ ಈ ಮೂಲೆ, ಅವನಿಗೆ ಆ ಮೂಲೆ ಎಂದು ಎಲ್ಲರ ಕಣ್ಣೆದುರೇ ಹೋಗಿ ನಿಲ್ಲಬೇಕು. ಬಾಗಿಲು ಹಾಕಿದ ಮೇಲೆ ಬಂದವರು ಲೆಕ್ಕಕ್ಕಿಲ್ಲ. ಯಾವ ಮೂಲೆಯಲ್ಲಿ ಜನ ತೀರ ಕಡಿಮೆಯೋ ಆ ಮೂಲೆ ರದ್ದು. ಅಲ್ಲಿ ನಿಂತವರು ಬೇರೆ ಮೂಲೆಗೆ ಹೋಗಬಹುದು, ಬೇಡವೆಂದರೆ ಮನೆಗೆ.

ಹುಡುಗಿಯಾಗಿದ್ದಾಗ ಅಜ್ಜಿ ಒಬ್ಬ ಅಭ್ಯರ್ಥಿಗಾಗಿ ಚಳಿಗಾಲವಿಡೀ ಹಿಮದಲ್ಲಿ ಬಾಗಿಲು ಬಾಗಿಲು ತಟ್ಟಿದ್ದರಂತೆ. ಆ ರಾತ್ರಿ ಅವರ ಮೂಲೆ ರದ್ದಾಯಿತು, ರಾಜ್ಯದ ಬೇರೆ ಊರುಗಳಲ್ಲೂ ಅದೇ ಕಥೆ. ಪಕ್ಕದ ಮೂಲೆಯವರು ಕೈಬೀಸಿ ಕರೆದರೂ ಹೋಗದೆ ಅತ್ತುಕೊಂಡು ಮನೆಗೆ ಹೋದರಂತೆ. ಮುಂದಿನ ರಾಜ್ಯದ ಸರದಿ ಬರುವುದಕ್ಕೂ ಮೊದಲೇ ಆ ಮನುಷ್ಯ ಕಣದಿಂದ ಹಿಂದೆ ಸರಿದ.

"ಒಂದು ರಾಜ್ಯ ಸೋತರೆ ಏನಾಯ್ತು ಅಜ್ಜಿ? ಉಳಿದ ನಲವತ್ತೊಂಬತ್ತು ಇನ್ನೂ ಬಾಯೇ ಬಿಟ್ಟಿಲ್ಲವಲ್ಲ?" ಎಂದಿದ್ದೆ.

"ವೋಟು ಕಮ್ಮಿ ಬಿತ್ತು ಅಂತ ಯಾರೂ ಕಣ ಬಿಡೋದಿಲ್ಲ. ಮಾರನೇ ಬೆಳಿಗ್ಗೆಯಿಂದ ಫೋನ್ ಬರೋದು ನಿಲ್ಲುತ್ತೆ. ನಿನ್ನೆವರೆಗೂ ಜೊತೆಗಿದ್ದೋರು ನಾಳೆ ಬರ್ತೀನಿ ಅಂತಾರೆ. ದುಡ್ಡು ಕೊಡೋರು ಕೈ ಹಿಂದಕ್ಕೆ ತಗೋತಾರೆ. ಪೇಪರ್‌ನೋರು ಹೆಸರು ಬರೆಯೋದು ಬಿಡ್ತಾರೆ. ಹೆಸರೇ ಕೇಳದೋನಿಗೆ ಮುಂದಿನ ರಾಜ್ಯದೋರು ಯಾಕೆ ಹಾಕ್ತಾರೆ?"

ನನ್ನ ಹೆಂಡತಿ ಅಲ್ಲೇ ಕೂತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಅಜ್ಜಿ ಅದನ್ನು ತೋರಿಸಿ, "ನೋಡು, ನಮ್ಮ ರಾಜ್ಯದ ಕೆಲಸ ಇದು. ಅಡುಗೆ ಮಾಡೋದಲ್ಲ, ಕೇರೋದು" ಎಂದರು. ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ತಲೆ ಎತ್ತದೆ, "ಹಾಗಾದ್ರೆ ಒಳ್ಳೆ ಕಾಳೂ ಒಂದೊಂದು ಹಾರಿಹೋಗುತ್ತೆ ಅನ್ನಿ ಅವರಿಗೆ" ಎಂದಳು. ಅಜ್ಜಿ ಆ ಮಾತಿಗೆ ಎಷ್ಟು ಹೊತ್ತು ತಲೆಯಾಡಿಸಿದರೋ…

ಇದೆಲ್ಲ ಬರೀ ಕಥೆಯಾಗಿಯೇ ಉಳಿಯುತ್ತಿತ್ತು, ಆ ವರ್ಷ ನಮ್ಮ ಕನ್ನಡದ ಕೂಟಕ್ಕೆ ಅಧ್ಯಕ್ಷರನ್ನು ಆರಿಸುವ ಕೆಲಸ ಬರದಿದ್ದರೆ. ಅದುವರೆಗೆ ನಮ್ಮಲ್ಲಿ ಅವಿರೋಧ ಆಯ್ಕೆಯೇ. ನಾಲ್ಕು ಜನ ಹಿರಿಯರು ಫೋನಿನಲ್ಲಿ ಮಾತಾಡಿಕೊಂಡು ಒಂದು ಹೆಸರು ಹೇಳುವರು, ಉಳಿದವರು ಚಪ್ಪಾಳೆ ತಟ್ಟುವರು. ಆ ಸಲ ಆಮ್ಸ್ಟೆಲ್‌ವೀನಿನ ಒಬ್ಬ ಐಟಿ ಮ್ಯಾನೇಜರು ನಿಂತರು. ವೆಲ್ಡ್‌ಹೋವನ್ನಿನ ಡ್ಯಾನ್ಸ್ ಟೀಚರೂ ನಿಂತರು. ಮೂರನೆಯವನಾಗಿ ನಾನೂ ಹೆಸರು ಕೊಟ್ಟೆ.

ಯಾಕೆ ಕೊಟ್ಟೆ ಎಂದರೆ, ಸೋಮವಾರಕ್ಕಾಗಿ. ಕೂಟದ ಎಲ್ಲ ಹಬ್ಬ, ಎಲ್ಲ ಊಟ ಶನಿವಾರ, ಇಲ್ಲ ಭಾನುವಾರ. ಆಫೀಸಿನವರಿಗೆ ಅದು ಸರಿ. ಅಡುಗೆ ಕೆಲಸದವರಿಗೆ, ಹೋಟೆಲುಗಳಲ್ಲಿ ದುಡಿಯುವವರಿಗೆ ಆ ಎರಡು ದಿನವೇ ಬೆನ್ನು ಮುರಿಯುವಷ್ಟು ಕೆಲಸ. ನಮಗೆ ರಜ ಸೋಮವಾರ. ಇಷ್ಟು ವರ್ಷ ಈ ದೇಶದಲ್ಲಿದ್ದು ನಾನು ಒಂದು ಯುಗಾದಿಗೂ ಹಾಲಿನೊಳಗೆ ಕೂತು ಉಂಡವನಲ್ಲ. ಹೋಗಿದ್ದರೆ ಹಿಂದಿನ ಬಾಗಿಲಿನಿಂದ, ಸಾರಿನ ಪಾತ್ರೆ ಹೊತ್ತುಕೊಂಡು. ವರ್ಷದಲ್ಲಿ ಒಂದು ಊಟ ಸೋಮವಾರ ಸಂಜೆ ಇಡಿ ಎಂದು ಎರಡು ಸಲ ಕೇಳಿದ್ದೆ. "ನೋಡೋಣ ಭಟ್ರೇ" ಅಂದಿದ್ದರು. ನಾನು ಭಟ್ಟನಲ್ಲ. ಆದರೆ ಸೌಟು ಹಿಡಿದವನು ಯಾರೇ ಆಗಲಿ ನಮ್ಮವರಿಗೆ ಭಟ್ಟನೇ.

ಸದಸ್ಯರು ಮೂರು ಊರುಗಳಲ್ಲಿ ಹಂಚಿಹೋಗಿದ್ದರಿಂದ ಮೂರು ಭಾನುವಾರ ಮೂರು ಕಡೆ ಸೇರುವುದೆಂದು ಠರಾವಾಯಿತು. ಮೊದಲು ವೆಲ್ಡ್‌ಹೋವನ್, ಆಮೇಲೆ ಡೆಲ್ಫ್ಟ್, ಕೊನೆಗೆ ಆಮ್ಸ್ಟೆಲ್‌ವೀನ್. ಸದಸ್ಯರು ಯಾವ ಊರಿನಲ್ಲಾದರೂ ಹೆಸರು ಬರೆಸಬಹುದು, ಆದರೆ ಒಂದು ಕಡೆ ಮಾತ್ರ. ಮೂರನ್ನೂ ಕೂಡಿಸಿ ಯಾರಿಗೆ ಹೆಚ್ಚೋ ಅವರು ಅಧ್ಯಕ್ಷರು. ಹಿಂದೊಮ್ಮೆ ಹಬ್ಬದ ಊಟಕ್ಕೆ ಏನು ಮಾಡಿಸುವುದೆಂದು ಮೊಬೈಲಿನಲ್ಲಿ ವೋಟು ಮಾಡಲು ಹೋಗಿ, ಊರಿನಿಂದ ಬಂದಿದ್ದ ಅತ್ತೆ ಮಾವಂದಿರೂ ಒತ್ತಿಬಿಟ್ಟು ಜಗಳವಾಗಿತ್ತು. ಹಾಗಾಗಿ ಎದುರೆದುರೇ ಆಗಲಿ ಎಂದರು. ನಾನು ಅಜ್ಜಿಯ ಮೂಲೆಯ ಪದ್ಧತಿ ಹೇಳಿದೆ. ಕೇಳಿದವರಿಗೆಲ್ಲ ಖುಷಿಯೋ ಖುಷಿ. "ಚಿಕ್ಕೋರಿದ್ದಾಗ ಆಡ್ತಿದ್ದ ಕಂಬದಾಟದ ಹಾಗೇ ಇದೆಯಲ್ರೀ!" ಎಂದು ಒಪ್ಪಿಬಿಟ್ಟರು. ನಿಯಮ ಕೂಡ ಅಜ್ಜಿ ಹೇಳಿದಂತೆಯೇ, ಬಾಗಿಲು ಹಾಕುವುದೂ ಸೇರಿ.

"ಅಜ್ಜಿ, ಆಮ್ಸ್ಟೆಲ್‌ವೀನ್ ನಂದೇ," ಎಂದೆ ಜಂಬದಿಂದ. "ಅಲ್ಲಿ ಎಲ್ಲರ ಹೊಟ್ಟೆಯೊಳಗೂ ನಾನೇ ಇದೀನಿ. ವೆಲ್ಡ್‌ಹೋವನ್ ಹೋದರೆ ಹೋಗಲಿ."

ಅಜ್ಜಿ ಕನ್ನಡಕ ತೆಗೆದರು. "ಮೊದಲನೇದು ಬಿಟ್ಟು ಕೊನೇದಕ್ಕೆ ಕಾಯ್ತೀನಿ ಅಂದೋರನ್ನ ಬೇಕಾದಷ್ಟು ನೋಡಿದೀನಿ. ಕೊನೇದು ಬರೋ ಹೊತ್ತಿಗೆ ಅವರೇ ಇರೋದಿಲ್ಲ. ನಾಡಿದ್ದು ಸೋಮವಾರ ತಾನೆ? ನಡಿ, ವೆಲ್ಡ್‌ಹೋವನ್‌ಗೆ ಹೋಗೋಣ. ಅವರ ಅಡುಗೆಮನೇಲಿ ಕೂತು ಕಾಫಿ ಕುಡೀದೆ ಯಾರೂ ಅವರ ವೋಟು ತಗೊಳ್ಳೋಕಾಗಲ್ಲ."

ಆ ಸೋಮವಾರಗಳ ಸಂಭ್ರಮ ಏನು ಹೇಳಲಿ! ಟ್ರೇನಿನಲ್ಲಿ ಐಂಡ್‌ಹೋವನ್, ಅಲ್ಲಿಂದ ಬಸ್ಸು. ಸಂಜೆ ಅಲ್ಲಿನ ಕಂಪ್ಯೂಟರ್ ಚಿಪ್ ಮಾಡುವ ಮೆಷಿನ್ನುಗಳ ಕಂಪನಿಯಿಂದ ಸೈಕಲ್ ಹೊಡೆದುಕೊಂಡು ಬರುವ ಎಂಜಿನಿಯರುಗಳ ಹಿಂದೆಯೇ ನಾವೂ ಮನೆ ಹೊಗುತ್ತಿದ್ದೆವು. ಅಜ್ಜಿಗೆ ಒಂದು ವಿಷಯ ಗೊತ್ತಿರಲಿಲ್ಲ, ನಮ್ಮ ಮನೆಗಳಲ್ಲಿ ಲೋಟ ಖಾಲಿಯಾದರೆ ಮತ್ತೆ ತುಂಬುತ್ತಾರೆಂದು. ಕೊಟ್ಟದ್ದನ್ನು ಉಳಿಸುವುದು ಅಮರ್ಯಾದೆ ಎಂದು ಅವರು ಕುಡಿಯುತ್ತಲೇ ಹೋದರು, ಆ ಮನೆಯವರು ಹಾಕುತ್ತಲೇ ಹೋದರು. ಹೊರಡುವಾಗ ಅರಿಸಿನ ಕುಂಕುಮ, ಎಲೆ ಅಡಿಕೆ, ಒಂದು ರವಿಕೆ ಬಟ್ಟೆ. ಮೂರನೆಯ ಮನೆ ಮುಗಿಯುವಷ್ಟರಲ್ಲಿ ಅಜ್ಜಿಯ ಹಣೆಯಲ್ಲಿ ಕುಂಕುಮ ಒಂದರ ಮೇಲೊಂದು ಬಿದ್ದು ಕಾಸಿನಗಲವಾಗಿತ್ತು. ಬಸ್ಸಿನಲ್ಲಿ ಕೂತು ಹೇಳಿದರು: "ಬೂರ್‌ಮನ್, ನಮ್ಮೂರಿನಲ್ಲಿ ವೋಟು ಕೇಳೋಕೆ ಹೋದೋರಿಗೆ ಯಾರೂ ಬಟ್ಟೆ ಕೊಡ್ತಿರಲಿಲ್ಲ. ನಾನು ಹುಟ್ಟಿದ ಜಾಗ ತಪ್ಪಾಗಿದೆ."

ಎಲ್ಲರೂ "ನಿಮಗೇ ಅಣ್ಣ" ಅಂದಿದ್ದರು. ಅಜ್ಜಿ ಮಾತ್ರ ಒಂದು ಎಚ್ಚರಿಕೆ ಕೊಟ್ಟರು: "ಅವತ್ತು ಸೂಟು ಹಾಕಿಕೊಂಡು ಮುಂದೆ ನಿಲ್ಲು. ಏನಾದರೂ ಆಗಲಿ, ಅಡುಗೆಮನೆಗೆ ಮಾತ್ರ ಹೋಗಬೇಡ."

ಭಾನುವಾರ ಬಂತು. ನನ್ನ ಅಡುಗೆಮನೆಗೆ ಅವತ್ತು ಬೀಗ. ವೆಲ್ಡ್‌ಹೋವನ್ನಿನ ಸಮುದಾಯ ಭವನ. ಹೆಂಡತಿ ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿದೆ. ಊಟಕ್ಕೆ ಬೇರೆ ಯಾರಿಗೋ ಹೇಳಿದ್ದರು. ಮೊದಲ ಪಂಕ್ತಿ ನಡೆಯುತ್ತಿರುವಾಗ ನನ್ನ ಮೂಗಿಗೆ ತಳ ಹಿಡಿದ ಬಾತಿನ ವಾಸನೆ ಬಂತು. ಬೇರೆ ಯಾರಿಗೂ ಇನ್ನೂ ಗೊತ್ತಾಗಿರಲಿಲ್ಲ. ನಾನು ಮನಸ್ಸನ್ನು ಹತ್ತಿಕ್ಕಿಕೊಂಡೆ. ಆಚೆ ನೋಡಿದೆ, ಈಚೆ ನೋಡಿದೆ. ಅಜ್ಜಿ ದೂರದಿಂದಲೇ ಬೇಡ ಎಂದು ಬೆರಳಾಡಿಸಿದರು. ಆದರೆ ಅನ್ನ ಸೀಯುತ್ತಿರುವಾಗ ಕೈಕಟ್ಟಿ ನಿಲ್ಲುವುದು ನನ್ನಿಂದ ಈ ಜನ್ಮದಲ್ಲಿ ಆಗದ ಕೆಲಸ.

ಸೂಟಿನ ಮೇಲೇ ಏಪ್ರನ್ ಕಟ್ಟಿ ಒಳಗೆ ನುಗ್ಗಿದೆ. ಮೇಲಿನ ಬಾತನ್ನು ಬೇರೆ ಪಾತ್ರೆಗೆ ಬಳಿದು, ತುಪ್ಪದಲ್ಲಿ ಗೋಡಂಬಿ, ಕರಿಬೇವು, ಇಂಗು ಹಾಕಿ ಒಗ್ಗರಣೆ ಕೊಟ್ಟೆ. ಆ ಘಮಕ್ಕೆ ಜನ ಎದ್ದು ಬಂದರು ನೋಡಿ! ಉಂಡು ಕೈತೊಳೆದವರೂ ಮತ್ತೆ ತಟ್ಟೆ ಹಿಡಿದು ಅಡುಗೆಮನೆಯ ಓಣಿಯಲ್ಲಿ ಸಾಲು ನಿಂತರು. ನಾನು ಬಡಿಸುತ್ತಾ ಮೈಮರೆತೆ. ಗಂಟೆ ಬಾರಿಸಿದ್ದು ಕೇಳಿ ಸೌಟು ಹಿಡಿದೇ ಓಡಿದೆ. ನಾನು ಒಳಗೆ ಕಾಲಿಟ್ಟದ್ದೇ, ಹಳೆಯ ಅಧ್ಯಕ್ಷರು ಹಾಲಿನ ಗಾಜಿನ ಬಾಗಿಲು ಹಾಕಿಬಿಟ್ಟರು.

ನನಗೆ ಬರಬೇಕಾದವರೆಲ್ಲ ಬಾಗಿಲ ಆಚೆ! ತಟ್ಟೆ ಹಿಡಿದು, ಬಾಯಿ ತುಂಬ ಬಾತು ತುಂಬಿಕೊಂಡು, ಗಾಜಿನ ಹಿಂದಿನಿಂದ ನನಗೆ ಕೈ ಬೀಸುತ್ತಿದ್ದರು.

"ಸಾರ್, ಅವರು ಊಟ ಮಾಡ್ತಾ ಇದಾರೆ ಸಾರ್!" ಎಂದೆ.

"ಒಳಗಿರೋರು ಒಳಗೆ, ಹೊರಗಿರೋರು ಹೊರಗೆ," ಎಂದರು ಹಳೆಯ ಅಧ್ಯಕ್ಷರು. "ರೂಲ್ಸು ನಿಮ್ಮ ಅಜ್ಜೀದೇ ಅಲ್ವೇನ್ರೀ?"

ಹಾಲಿಗೆ ಹಾಲೇ ನಕ್ಕಿತು. ನಾನು ಅಜ್ಜಿಯ ಕಡೆ ನೋಡಿದೆ. ಅವರು ಮುಖ ಹುಳ್ಳಗೆ ಮಾಡಿಕೊಂಡು ಹೌದೆಂದು ತಲೆಯಾಡಿಸಿದರು.

ಮ್ಯಾನೇಜರ ಮೂಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಜನ. ಟೀಚರದು ಅದಕ್ಕಿಂತ ಸ್ವಲ್ಪವೇ ಕಡಿಮೆ. ಒಬ್ಬರು ಮ್ಯಾನೇಜರ ಕಡೆ ನಿಂತರೆ ಅವರ ಹೆಂಡತಿ ಟೀಚರ ಮೂಲೆಯಿಂದ, "ರೀ, ರಾತ್ರಿ ಊಟಾನೂ ಅಲ್ಲೇ ಮುಗಿಸ್ಕೊಂಡು ಬನ್ನಿ" ಎಂದು ಕೂಗುತ್ತಿದ್ದರು. ನನ್ನ ಮೂಲೆಯಲ್ಲಿ ನನ್ನ ಹೆಂಡತಿ, ಡೆಲ್ಫ್ಟಿನಿಂದ ನೋಡಲು ಬಂದು ಅಲ್ಲೇ ಹೆಸರು ಬರೆಸಿದ್ದ ಹುಬ್ಬಳ್ಳಿಯ ಪಿಎಚ್‌ಡಿ ವಿದ್ಯಾರ್ಥಿಯೊಬ್ಬ, ಅವನ ಇಬ್ಬರು ಗೆಳೆಯರು, ಮೊಣಕಾಲು ನೋವೆಂದು ಸಾಲಿನಲ್ಲಿ ನಿಲ್ಲಲಾಗದ ಒಬ್ಬ ಹಿರಿಯರು. ಅಷ್ಟೇ. ಹಳೆಯ ಅಧ್ಯಕ್ಷರು ಎಣಿಸಿ, "ಈ ಮೂಲೆ ರದ್ದು" ಎಂದರು. ಹತ್ತು ನಿಮಿಷ ಸಮಯ, ಅಷ್ಟರಲ್ಲಿ ಎಲ್ಲಿಗೆ ಹೋಗುತ್ತೀರೋ ಹೋಗಿ.

ಏಪ್ರನ್ ಬಿಚ್ಚಿ ಎಸೆದು ಹೊರಟುಹೋಗೋಣ ಅನ್ನಿಸಿತು. ಸೋಮವಾರವೂ ಬೇಡ, ಇವರ ಸಹವಾಸವೂ ಬೇಡ. ಅಷ್ಟರಲ್ಲಿ ಅಜ್ಜಿ ಬಂದು ನನ್ನ ಪಕ್ಕ ನಿಂತರು. ಮೂಲೆಯೊಳಗೆ ಕಾಲಿಡಲಿಲ್ಲ, ಅವರು ಸದಸ್ಯರಲ್ಲವಲ್ಲ, ಮೂಲೆಗೆಂದು ನೆಲದ ಮೇಲೆ ಎಳೆದಿದ್ದ ಗೆರೆಯ ಆಚೆಗೇ ನಿಂತರು.

"ಮನೆಗೆ ಹೋಗಬೇಡ," ಎಂದರು ಮೆಲ್ಲಗೆ. "ನಾನು ಹೋಗಿದ್ದೆ. ನೀನು ಹೋಗಬೇಡ. ಅವರಿಬ್ಬರಿಗೂ ನಿನ್ನ ಈ ಐದಾರು ಜನ ಬೇಕು. ಈ ಹತ್ತು ನಿಮಿಷ ಈ ಹಾಲಿನಲ್ಲಿ ನಿನಗಿಂತ ದೊಡ್ಡೋರು ಯಾರೂ ಇಲ್ಲ. ಏನು ಬೇಕೋ ಅದನ್ನ ಕೇಳು. ನಿನಗೊಬ್ಬನಿಗೆ ಮಾತ್ರ ಏನೂ ಕೇಳಬೇಡ."

ಹುಬ್ಬಳ್ಳಿಯವನು ಹತ್ತಿರ ಬಂದು, "ಅಣ್ಣಾರ, ನೀವ್ ಎಲ್ಲಿ ನಿಲ್ಲಂತೀರಿ ಅಲ್ಲೇ ನಿಲ್ತೀವಿ, ಚಿಂತಿ ಬ್ಯಾಡ್ರಿ" ಎಂದ.

ಮ್ಯಾನೇಜರು ಆಗಲೇ ಕೈಚಾಚಿಕೊಂಡು ಬಂದಿದ್ದರು. "ಬನ್ನಿ ಭಟ್ರೇ, ಈ ಕಡೆ ಬನ್ನಿ. ನಿಮ್ಮನ್ನ ಫುಡ್ ಕಮಿಟಿ ಚೇರ್ಮನ್ ಮಾಡ್ತೀನಿ."

"ಅದು ಈಗಲೂ ಮಾಡ್ತಾನೇ ಇದೀನಲ್ಲ ಸಾರ್, ಚೇರಿಲ್ಲದೆ," ಎಂದೆ. ಮತ್ತೆ ನಗು. ಎಲ್ಲರಿಗೂ ಕೇಳುವಂತೆ ಹೇಳಿದೆ: "ನಂಗೇನೂ ಬೇಡ. ಯುಗಾದಿ ಊಟ ಸೋಮವಾರ ಸಾಯಂಕಾಲ ಇಡಬೇಕು. ಶನಿವಾರ ಭಾನುವಾರ ದುಡಿಯೋರೂ ಈ ಊರಲ್ಲಿ ಕನ್ನಡದವರೇ. ಯಾರು ಇಡ್ತೀರಿ ಹೇಳಿ, ನನ್ನ ಹೆಸರನ್ನೇ ವಾಪಸ್ ತಗೋತೀನಿ, ನಾವೆಲ್ಲ ಅವರ ಮೂಲೆಗೆ ಬರ್ತೀವಿ."

"ಸೋಮವಾರ ಯಾರ್ ಬರ್ತಾರ್ರೀ? ಆಫೀಸ್ ಇರುತ್ತೆ, ಮಕ್ಕಳಿಗೆ ಸ್ಕೂಲು," ಎಂದರು ಮ್ಯಾನೇಜರು.

ಟೀಚರು ತಮ್ಮ ಮೂಲೆಯವರ ಕಡೆಗೊಮ್ಮೆ ನೋಡಿದರು. ಆಮೇಲೆ ಹೇಳಿದರು: "ವರ್ಷಕ್ಕೊಂದು ಸೋಮವಾರ ತಾನೆ ಅಣ್ಣ? ಆಯ್ತು. ಇನ್ನೊಂದು ಸೇರಿಸ್ತೀನಿ. ಅವತ್ತು, ಅಡುಗೆ ಮಾಡಿ ಬದುಕೋರು ಯಾರೂ ಅಡುಗೆಮನೆ ಬಾಗಿಲು ದಾಟೋ ಹಾಗಿಲ್ಲ. ಮಿಕ್ಕೋರು ಮಾಡ್ಲಿ."

ನಾನು ನನ್ನ ಐದಾರು ಜನರನ್ನು ಕರೆದುಕೊಂಡು ಹಾಲಿನ ನಡುವಿನಿಂದ ನಡೆದೆ. ಗಾಜಿನ ಆಚೆಯವರು ತಟ್ಟೆ ಬಡಿದು ಸದ್ದು ಮಾಡಿದರು. ಹೊಸ ಎಣಿಕೆಯಲ್ಲಿ ಟೀಚರು ಗೆದ್ದರು, ಕೂದಲೆಳೆಯಲ್ಲಿ.

ಅಜ್ಜಿ ಹೇಳಿದ್ದು ಆಮೇಲಿನ ವಾರ ಕಣ್ಣೆದುರೇ ನಡೆಯಿತು, ನನಗಲ್ಲ, ಮ್ಯಾನೇಜರಿಗೆ. ವೆಲ್ಡ್‌ಹೋವನ್ನಿನಲ್ಲಿ ಅವರು ಸೋತರಂತೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವತ್ತೇ ಎಲ್ಲ ಊರು ಮುಟ್ಟಿತು. ಡಬ್ಬಿ ಕೊಡಲು ಹೋದ ಮನೆಗಳಲ್ಲಿ, ಹೋದ ವಾರ "ಸಾಹೇಬರೇ ಆಗೋದು" ಎಂದಿದ್ದವರು ಈಗ "ಟೀಚರ್ ಗಾಳಿ ಇದೆಯಂತಲ್ಲ" ಎನ್ನತೊಡಗಿದರು. ಮ್ಯಾನೇಜರಿಗೆ ಪೋಸ್ಟರ್ ಮಾಡಿಕೊಡುತ್ತೇನೆಂದಿದ್ದವನಿಗೆ ನೆಗಡಿ ಬಂತು. ಡೆಲ್ಫ್ಟಿನ ಭಾನುವಾರ ಬರುವ ಮೊದಲೇ ಅವರು ವೈಯಕ್ತಿಕ ಕಾರಣದಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ಗ್ರೂಪಿನಲ್ಲಿ ಹಾಕಿದರು. ಉಳಿದ ಎರಡು ಊರಿನವರು ಒಂದು ಹೆಜ್ಜೆಯನ್ನೂ ಎತ್ತಿಡಬೇಕಾಗಿ ಬರಲಿಲ್ಲ. ಅಷ್ಟೆಲ್ಲ ಕುಣಿದು ಕೊನೆಗೆ ಅವಿರೋಧ ಆಯ್ಕೆಯೇ!

ಇದನ್ನು ಹೇಳಿದಾಗ ಅಜ್ಜಿ ನಕ್ಕು ನಕ್ಕು ಸೋಫಾದ ಕೈ ಹಿಡಿದುಕೊಂಡರು. "ನಮ್ಮ ಅಯೋವಾನ ವೆಲ್ಡ್‌ಹೋವನ್‌ಗೆ ಹೊತ್ತು ತಂದುಬಿಟ್ಟೆಯಲ್ಲೋ ಬೂರ್‌ಮನ್!"

ಆ ವರ್ಷದ ಯುಗಾದಿ ಊಟ ಸೋಮವಾರ ಸಂಜೆಯೇ ಆಯಿತು. ನಾನು ಕಂಡೇ ಇರದ ಕನ್ನಡದವರು ಬಂದರು. ಪಾತ್ರೆ ತೊಳೆಯುವವರು, ಹೋಟೆಲಿನ ರೂಮು ಗುಡಿಸುವವರು, ಏರ್‌ಪೋರ್ಟಿನಲ್ಲಿ ಪಾಳಿ ಮಾಡುವವರು. ಸೊಂಟಕ್ಕೆ ಟವೆಲು ಕಟ್ಟಿಕೊಂಡು ಸಾರಿನ ಬಕೆಟು ಹಿಡಿದು ಬಂದವರು ಯಾರು ಗೊತ್ತೇ? ಮ್ಯಾನೇಜರು! ಸೋತರೆಂದು ಮನೆಯಲ್ಲಿ ಕೂರಲಿಲ್ಲ ಪುಣ್ಯಾತ್ಮರು. ನಾನು ಎಲೆಯ ಮುಂದೆ ಕೂತು ಗಟ್ಟಿಯಾಗಿ ಕರೆದೆ, "ಭಟ್ರೇ, ಈ ಕಡೆ ಸಾರು!" ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು, ಅವರೂ ನಕ್ಕರು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ. ಪಕ್ಕದ ಎಲೆ ಅಜ್ಜಿಯದು. ಹೋಳಿಗೆಯನ್ನು ಸಾರಿಗೆ ಅದ್ದಿ ತಿನ್ನುತ್ತಿದ್ದರು. ಯಾರೂ ತಡೆಯಲಿಲ್ಲ.

ಇನ್ನೂ ಕೆಲವು ಯುಗಾದಿಗೆ ಬಂದರು ಅಜ್ಜಿ. ಕೊನೆಯ ಸಲ ಗಾಲಿಕುರ್ಚಿಯಲ್ಲಿ… ಅವರು ಹೋದ ಮೇಲೆ ಉಟ್ರೆಕ್ಟಿನಿಂದ ಮಗ ಫೋನ್ ಮಾಡಿದ. ಅಂತ್ಯಕ್ರಿಯೆ ಸೋಮವಾರ ಎಂದ. ಅಮ್ಮ ಮೊದಲೇ ಹೇಳಿದ್ದರಂತೆ, ಬೇರೆ ದಿನ ಇಟ್ಟರೆ ಬೂರ್‌ಮನ್‌ಗೂ ಅವನ ಜನಕ್ಕೂ ಬರಲಾಗುವುದಿಲ್ಲ ಎಂದು. ನಾವು ಹೋದೆವು. ಟೀಚರು ಬಂದರು, ಹುಬ್ಬಳ್ಳಿಯವನು ಬಂದ, ಮ್ಯಾನೇಜರು ಆಫೀಸಿಗೆ ರಜ ಹಾಕಿ ಬಂದರು.

ಆಮೇಲೆ ಅಜ್ಜಿಯ ಪಕ್ಷದವರು ಮೊದಲ ಸರದಿಯನ್ನು ಅಯೋವಾದಿಂದ ತೆಗೆದರಂತೆ, ಸುದ್ದಿಯಲ್ಲಿ ನೋಡಿದೆ. ಅಜ್ಜಿ ಇದ್ದಿದ್ದರೆ ಎಂಥ ರಾದ್ಧಾಂತ ಮಾಡುತ್ತಿದ್ದರೋ… ಅವರ ಮನೆಯಲ್ಲಿ ಈಗ ಹೊಸಬರಿದ್ದಾರೆ, ಒಳ್ಳೆಯ ಜನ.

ಯುಗಾದಿ ಊಟ ಈಗಲೂ ಸೋಮವಾರವೇ. ಹೊಸದಾಗಿ ಬೆಂಗಳೂರಿನಿಂದ ಬಂದ ಹುಡುಗರು ಕೇಳುತ್ತಾರೆ, "ಅಂಕಲ್, ಎಲ್ಲ ಬಿಟ್ಟು ಸೋಮವಾರ ಯಾಕೆ?" ಹೇಳಲು ಶುರುಮಾಡುತ್ತೇನೆ. ಸೀದ ಬಾತು, ಗಾಜಿನ ಬಾಗಿಲು, ತಟ್ಟೆ ಹಿಡಿದ ನನ್ನ ಪಕ್ಷದವರು, ಎಲ್ಲಕ್ಕೂ ನಗುತ್ತಾರೆ, ನಾನೂ ನಗುತ್ತೇನೆ. ಅಜ್ಜಿ ಗೆರೆಯ ಆಚೆ ನಿಂತು ಮೆಲ್ಲಗೆ ಹೇಳಿದ, ಮನೆಗೆ ಹೋಗಬೇಡ ಎಂಬ ಆ ಮಾತಿಗೆ ಬಂದಾಗ ಮಾತ್ರ ನನಗೆ ಅದನ್ನು ಅವರ ಹಾಗೆ ಹೇಳಲು ಬರುವುದಿಲ್ಲ. ಎಲೆಯ ಮೇಲಿನ ಅನ್ನ ಕಲಸತೊಡಗುತ್ತೇನೆ… ಅಷ್ಟರಲ್ಲಿ ಯಾರಾದರೊಬ್ಬ ಎಂಜಿನಿಯರು ಬಕೆಟು ಹಿಡಿದು ಬಂದು, "ಇನ್ನೊಂದು ಸೌಟು ಹಾಕ್ಲಾ ಅಣ್ಣ?" ಅನ್ನುತ್ತಾನೆ.

ಹಾಕು ಅನ್ನುತ್ತೇನೆ.